ಆಟಕ್ಕೆ ನಿಯಮ ಬೇಕು, ನಿಯಮಕ್ಕೆ ಕೋಡಿಯೂ ಬೇಕು



ಈ ಸಲ ಕ್ಲಸ್ಟರ್ ಮಟ್ಟದ ಕ್ರೀಡಾಕೂಟಕ್ಕೆ ಮುಂಚೆ ನಮ್ಮ ಶಾಲೆಯ ಕಬಡ್ಡಿ ಮತ್ತು ಖೋ ಖೋ ತಂಡಗಳಿಗೆ ಹತ್ತು ನಿಯಮ ಬರೆದು ಆಫೀಸ್ ರೂಮಿನ ಬಾಗಿಲ ಪಕ್ಕ ಅಂಟಿಸಿದ್ದಾರೆ. ನೀವೆಲ್ಲರೂ ಓದಿದ್ದೀರಿ. ಓದಿದ ಮೇಲೆ ಶಾಲೆಯಲ್ಲಿ ಎರಡು ಗುಂಪಾಗಿದೆ. ಒಂದು ಗುಂಪಿನವರು "ಇಷ್ಟೊಂದು ಸ್ಟ್ರಿಕ್ಟ್ ಯಾಕೆ? ನಾವೇನು ಇಂಡಿಯಾ ಟೀಮಾ?" ಅಂತಾರೆ. ಇನ್ನೊಂದು ಗುಂಪಿನವರು "ಸ್ಟ್ರಿಕ್ಟ್ ಇಲ್ಲದಿದ್ದರೆ ನಮ್ಮವರು ಯಾರ ಮಾತೂ ಕೇಳಲ್ಲ" ಅಂತಾರೆ. ನಾನು ಎರಡು ಗುಂಪಿಗೂ ಸೇರಿದವಳಲ್ಲ. ಹತ್ತರಲ್ಲಿ ಏಳು ನಿಯಮ ಸರಿಯಾಗಿವೆ, ಅವು ಇನ್ನೂ ಗಟ್ಟಿಯಾಗಬೇಕು. ಮೂರು ನಿಯಮ ಸರಿಯಿಲ್ಲ, ಅವನ್ನು ಬದಲಾಯಿಸಬೇಕು. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲಿಗೆ, ನಾವು ದುಡ್ಡಿಗೆ ಆಡುವವರಲ್ಲ, ಆದ್ದರಿಂದ ನಮಗೆ ಶಿಸ್ತು ಬೇಡ ಅನ್ನುವ ಮಾತು. ನನಗೆ ಇದು ತಿರುಗಾಮುರುಗಾ ಕಾಣುತ್ತದೆ. ದುಡ್ಡಿಗೆ ಆಡುವವರ ಆಟದಲ್ಲಿ ಟಿವಿ ಕ್ಯಾಮೆರಾ ಇರುತ್ತದೆ. ಎಷ್ಟೋ ಜನ ಅಂಪೈರುಗಳಿರುತ್ತಾರೆ. ತಪ್ಪು ಮಾಡಿದರೆ ಸಂಬಳದಲ್ಲಿ ದಂಡ ಹಿಡಿಯುತ್ತಾರೆ. ನಮ್ಮ ಆಟದಲ್ಲಿ ಏನಿದೆ? ಸುಣ್ಣದ ಪುಡಿಯಲ್ಲಿ ಎಳೆದ ಗೆರೆ, ಒಂದು ಸೀಟಿ, ಪಕ್ಕದ ಊರಿನ ಶಾಲೆಯ ಒಬ್ಬ ಮೇಷ್ಟ್ರು. ಗೆರೆ ಅರ್ಧ ಆಟಕ್ಕೇ ಅಳಿಸಿ ಹೋಗುತ್ತದೆ. ಕಾಲು ಗೆರೆ ಮೆಟ್ಟಿತೋ ಇಲ್ಲವೋ ಅಂತ ಆಡಿದವರಿಗೇ ಗೊತ್ತು. ಹೀಗಿರುವಾಗ ಆಟಗಾರ ಪ್ರಾಮಾಣಿಕನಾಗಿಲ್ಲದಿದ್ದರೆ ಆಟವೇ ನಡೆಯುವುದಿಲ್ಲ.

ಇನ್ನೊಂದು ಕಾರಣವೂ ಇದೆ. ದೊಡ್ಡ ಆಟಗಾರರು ಜಗಳ ಆಡಿದರೆ ಬೇರೆ ಬೇರೆ ವಿಮಾನ ಹತ್ತಿ ಬೇರೆ ಬೇರೆ ದೇಶಕ್ಕೆ ಹೋಗುತ್ತಾರೆ. ನಾವು ಎದುರಾಳಿಯ ಜುಟ್ಟು ಹಿಡಿದರೆ ಮಾರನೇ ದಿನ ಅವಳನ್ನೇ ಸಂತೆಯಲ್ಲಿ ನೋಡಬೇಕು, ಒಂದೇ ಬಸ್ಸಿನಲ್ಲಿ ಪಕ್ಕ ನಿಲ್ಲಬೇಕು, ಮುಂದೆ ಒಂದೇ ಹೈಸ್ಕೂಲಿಗೆ ಹೋಗಬೇಕು. ಊರ ಹಬ್ಬದ ಕಬಡ್ಡಿಯಲ್ಲಿ ಎರಡು ಊರಿನವರು ಹೊಡೆದಾಡಿಕೊಂಡು, ಮುಂದಿನ ವರ್ಷದಿಂದ ಆಟವೇ ನಿಂತು ಹೋಯಿತು ಅಂತ ನಮ್ಮ ದೊಡ್ಡವರು ಹೇಳುವುದನ್ನು ಕೇಳಿದ್ದೇವೆ. ಆಟ ನಿಂತರೆ ನಷ್ಟ ಆಡುವವರಿಗೇ.

ಇನ್ನು ಕಬಡ್ಡಿಯನ್ನೇ ನೋಡಿ. ಶಿಸ್ತು ಆ ಆಟದ ಒಳಗೇ ಇದೆ. ಉಗುರು ಕತ್ತರಿಸಿರಬೇಕು. ಮೈಗೆ ಎಣ್ಣೆ ಹಚ್ಚಬಾರದು. ಬಳೆ, ಸರ ಹಾಕಬಾರದು. ಒಬ್ಬರ ಬಾಯಿ ಮುಚ್ಚುವುದು, ಕುತ್ತಿಗೆ ಹಿಸುಕುವುದು ಕೂಡದು. ತಪ್ಪಿದರೆ ಹಸಿರು ಕಾರ್ಡ್ ತೋರಿಸಿ ಎಚ್ಚರಿಸುತ್ತಾರೆ. ಹಳದಿ ಕಾರ್ಡ್ ತೋರಿಸಿದರೆ 2 ನಿಮಿಷ ಹೊರಗೆ ಕೂರಬೇಕು. ಕೆಂಪು ಕಾರ್ಡ್ ಬಂದರೆ ಆ ಆಟದಿಂದಲೇ ಹೊರಗೆ. ಈ ಕಾರ್ಡುಗಳ ಪದ್ಧತಿ ಮೊದಲು ಬಂದದ್ದು ಫುಟ್‌ಬಾಲಿನಲ್ಲಿ, 1970ರ ಮೆಕ್ಸಿಕೋ ವಿಶ್ವಕಪ್ಪಿನಲ್ಲಿ. ರಸ್ತೆಯ ಟ್ರಾಫಿಕ್ ದೀಪ ನೋಡಿ ಇಂಗ್ಲೆಂಡಿನ ಕೆನ್ ಆಸ್ಟನ್ ಎಂಬ ರೆಫರಿಗೆ ಇದು ಹೊಳೆಯಿತಂತೆ. ಭಾಷೆ ಗೊತ್ತಿಲ್ಲದವರಿಗೂ ಬಣ್ಣ ಅರ್ಥವಾಗುತ್ತದೆ. ಇದರಲ್ಲಿ ಮೆಚ್ಚಬೇಕಾದ್ದು ಏನೆಂದರೆ, ಎಲ್ಲ ತಪ್ಪಿಗೂ ಒಂದೇ ಶಿಕ್ಷೆ ಇಲ್ಲ. ಚಿಕ್ಕ ತಪ್ಪಿಗೆ ಚಿಕ್ಕದು, ದೊಡ್ಡ ತಪ್ಪಿಗೆ ದೊಡ್ಡದು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ನಿಯಮಕ್ಕಿಂತ ಒಂದು ಹೆಜ್ಜೆ ಮುಂದೆ ಹೋದವರೂ ಇದ್ದಾರೆ. ಶಿವಮೊಗ್ಗ ಜಿಲ್ಲೆಯ ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ ಅವರು 1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡ್ ವಿರುದ್ಧ ಟೆಸ್ಟ್ ಆಡುವಾಗ ಭಾರತದ ನಾಯಕರಾಗಿದ್ದರು. ಇಂಗ್ಲೆಂಡಿನ ಬಾಬ್ ಟೇಲರ್ ಕ್ಯಾಚ್ ಕೊಟ್ಟರೆಂದು ಅಂಪೈರ್ ಔಟ್ ಕೊಟ್ಟರು. ಸ್ಲಿಪ್‌ನಲ್ಲಿ ನಿಂತಿದ್ದ ವಿಶ್ವನಾಥ್ ಅವರಿಗೆ ಚೆಂಡು ಬ್ಯಾಟಿಗೆ ತಾಗಿಲ್ಲ ಅಂತ ಗೊತ್ತಾಯಿತು. ಹೊರಟಿದ್ದ ಟೇಲರ್ ಅವರನ್ನು ವಾಪಸ್ ಕರೆಸಿ ಆಡಿಸಿದರು. ಟೇಲರ್ ಆಡಲು ಬಂದಾಗ ಇಂಗ್ಲೆಂಡ್ 5 ವಿಕೆಟಿಗೆ 58 ರನ್ ಮಾಡಿ ಕಷ್ಟದಲ್ಲಿತ್ತು. ಟೇಲರ್ ಮತ್ತು ಇಯಾನ್ ಬಾಥಮ್ ಸೇರಿ ಒಟ್ಟು 171 ರನ್ ಕೂಡಿಸಿದರು. ಭಾರತ 10 ವಿಕೆಟ್‌ಗಳಿಂದ ಸೋತಿತು.

"ಹಂಗಾದ್ರೆ ಅವರು ಮಾಡಿದ್ದು ತಪ್ಪಲ್ವಾ, ಸೋತರಲ್ಲ?" ಅಂತ ನಮ್ಮ ತರಗತಿಯ ಒಬ್ಬ ಕೇಳಿದ. ಸೋತರು, ನಿಜ. ಆದರೆ ಆ ಪಂದ್ಯ ಅಂದರೆ ಜನ ಇವತ್ತಿಗೂ ಮೊದಲು ಹೇಳುವುದು ವಿಶ್ವನಾಥ್ ಅವರು ಟೇಲರ್ ಅವರನ್ನು ವಾಪಸ್ ಕರೆದ ಕಥೆ. ಅವರಿಗೆ ಹಾಗೆ ಮಾಡು ಅಂತ ಯಾವ ನಿಯಮವೂ ಹೇಳಿರಲಿಲ್ಲ. ಎಲ್ಲರೂ ವಿಶ್ವನಾಥ್ ಆಗುವುದಿಲ್ಲವಾದ್ದರಿಂದಲೇ ಉಳಿದ ನಮಗೆಲ್ಲ ನಿಯಮ ಬರೆದಿಡಬೇಕಾಗುತ್ತದೆ.

ಬರೆದಿಟ್ಟರೆ ಸಾಲದು, ಎಲ್ಲರಿಗೂ ಒಂದೇ ರೀತಿ ಅರ್ಥವಾಗಿರಬೇಕು. ಇದಕ್ಕೆ ದೊಡ್ಡ ಉದಾಹರಣೆ 2023ರ ಅಕ್ಟೋಬರ್ 7ರಂದು ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದ ಗಂಡಸರ ಕಬಡ್ಡಿ ಫೈನಲ್. ಭಾರತ ಮತ್ತು ಇರಾನ್ 28–28 ಸಮ ಇದ್ದವು. ಕೊನೆಯ ನಿಮಿಷಗಳಲ್ಲಿ ನಮ್ಮ ನಾಯಕ ಪವನ್ ಸೆಹ್ರಾವತ್ ದಾಳಿಗೆ ಹೋಗಿ ಗೆರೆ ದಾಟಿದರು, ಅವರ ಹಿಂದೆ ಇರಾನಿನವರೂ ಹೊರಗೆ ಹೋದರು. ಯಾರಿಗೆ ಎಷ್ಟು ಅಂಕ ಅನ್ನುವುದೇ ತಿಳಿಯಲಿಲ್ಲ. ಹಳೇ ನಿಯಮವೋ ಹೊಸ ನಿಯಮವೋ ಅಂತ ಚರ್ಚೆ ಆಯಿತು. ತೀರ್ಪು ಒಂದು ಸಲ ಆ ಕಡೆ, ಒಂದು ಸಲ ಈ ಕಡೆ. ಆಟಗಾರರು ಅಂಕಣದಲ್ಲೇ ಕುಳಿತುಬಿಟ್ಟರು. ಸುಮಾರು ಒಂದು ಗಂಟೆ ಆಟ ನಿಂತಿತು. ಕೊನೆಗೆ ಭಾರತ 33–29ರಿಂದ ಗೆದ್ದಿತು. ನಾವು ಗೆದ್ದೆವು ಅಂತ ಸಂತೋಷ ಪಟ್ಟೆವು. ಆದರೆ ಅಷ್ಟು ದೊಡ್ಡ ಕೂಟದಲ್ಲೇ ನಿಯಮ ಸ್ಪಷ್ಟವಾಗಿಲ್ಲದೆ ಹೀಗಾದರೆ, ನಮ್ಮ ಮೈದಾನದಲ್ಲಿ ಇನ್ನೇನಾಗಬೇಡ? ಆದ್ದರಿಂದ ಆಟಕ್ಕೆ ಮುಂಚೆ ಎರಡೂ ತಂಡದವರನ್ನು ಕೂರಿಸಿ ನಿಯಮ ಓದಿ ಹೇಳಬೇಕು.

ನಿಯಮ ಎಲ್ಲರಿಗೂ ಒಂದೇ ಆಗಿರಬೇಕು ಅನ್ನುವುದು ಮುಂದಿನ ಮಾತು. ರಾಹುಲ್ ದ್ರಾವಿಡ್ ಎಂದರೆ ಒಳ್ಳೆಯ ನಡತೆಗೆ ಹೆಸರಾದವರು. 2004ರ ಜನವರಿಯಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಜಿಂಬಾಬ್ವೆ ಜೊತೆ ಆಡುವಾಗ, ಬಾಯಲ್ಲಿದ್ದ ಕೆಮ್ಮಿನ ಮಿಠಾಯಿಯ ಅಂಟು ಅವರ ಕೈಯಿಂದ ಚೆಂಡಿಗೆ ತಾಗಿದ್ದು ಕ್ಯಾಮೆರಾದಲ್ಲಿ ಕಾಣಿಸಿತು. ಬೇಕೆಂದು ಮಾಡಿದ್ದಲ್ಲ ಅಂತ ತಂಡದವರು ಹೇಳಿದರು. ಆದರೂ ಆ ಪಂದ್ಯದ ಸಂಭಾವನೆಯಲ್ಲಿ ಅರ್ಧ ದಂಡ ಕಟ್ಟಬೇಕಾಯಿತು. ದಂಡ ಕಟ್ಟಿ ಮತ್ತೆ ಆಡಿದರು, ಮುಂದೆ ಭಾರತದ ನಾಯಕರೂ ಆದರು. ಇದರಲ್ಲಿ ಎರಡು ಪಾಠ ಇದೆ. ಒಳ್ಳೆಯವರು ಅಂತ ನಿಯಮ ಬಿಡಲಿಲ್ಲ. ಹಾಗೆಯೇ ಒಂದು ತಪ್ಪಿಗೆ ಅವರನ್ನು ಆಟದಿಂದಲೇ ಓಡಿಸಲೂ ಇಲ್ಲ.

ನಮ್ಮಲ್ಲಿ ಹಾಗಿದೆಯೇ? ಚೆನ್ನಾಗಿ ರೈಡ್ ಮಾಡುವವನು ಅಂಪೈರ್ ಮೇಲೆ ಕೂಗಾಡಿದರೆ "ಬಿಡ್ರೋ, ಅವನಿಲ್ಲದಿದ್ರೆ ಸೋಲ್ತೀವಿ" ಅಂತಾರೆ. ಬೆಂಚಿನಲ್ಲಿ ಕೂತ ಹುಡುಗ ಒಂದು ಮಾತು ಅಂದರೆ "ನಾಳೆಯಿಂದ ಬರಬೇಡ" ಅಂತಾರೆ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಅನ್ನುವ ಹಾಗೆ ಆಗಬಾರದು. ಚೆನ್ನಾಗಿ ಆಡುವವರಿಗೆ ನಿಯಮ ಇನ್ನೂ ಬಿಗಿ ಇರಬೇಕು, ಯಾಕೆಂದರೆ ಚಿಕ್ಕ ತರಗತಿಯವರು ಅವರನ್ನೇ ನೋಡಿ ಕಲಿಯುತ್ತಾರೆ. 2006ರ ಫುಟ್‌ಬಾಲ್ ವಿಶ್ವಕಪ್ ಫೈನಲಿನಲ್ಲಿ ಫ್ರಾನ್ಸಿನ ನಾಯಕ ಜಿನೆದಿನ್ ಜಿದಾನ್ ಎದುರಾಳಿಯ ಎದೆಗೆ ತಲೆಯಿಂದ ಗುದ್ದಿದರು. ಅದು ಅವರ ಕೊನೆಯ ಪಂದ್ಯ. ಅಷ್ಟು ದೊಡ್ಡ ಆಟಗಾರ ಅಂತ ರೆಫರಿ ನೋಡಲಿಲ್ಲ, ಕೆಂಪು ಕಾರ್ಡ್ ತೋರಿಸಿದರು. ಫ್ರಾನ್ಸ್ ಸೋತಿತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ.

ಇಲ್ಲಿಯವರೆಗೆ ನಾನು ನಿಯಮದ ಪರವಾಗಿ ಹೇಳಿದೆ. ಅಂಪೈರ್ ಜೊತೆ ನಾಯಕ ಮಾತ್ರ ಮಾತಾಡಬೇಕು, ಬೈಗುಳ ಆಡಬಾರದು, ಜಾತಿ ಎತ್ತಿ ಮಾತಾಡಬಾರದು, ಸೋತರೂ ಕೈ ಕುಲುಕಬೇಕು, ಸುಳ್ಳು ವಯಸ್ಸು ಹೇಳಿ ಆಡಬಾರದು, ಹೊರಗಿನ ಹುಡುಗರನ್ನು ನಮ್ಮ ಶಾಲೆಯವರೆಂದು ಆಡಿಸಬಾರದು, ಆಟದ ಸಾಮಾನನ್ನು ಎಲ್ಲರೂ ಜೋಡಿಸಿಡಬೇಕು. ಈ ಏಳು ನಿಯಮಗಳಲ್ಲಿ ಒಂದನ್ನೂ ಸಡಿಲ ಮಾಡಬಾರದು. ವಯಸ್ಸಿನ ಸುಳ್ಳಂತೂ ಕಳ್ಳತನವೇ. 14 ವರ್ಷದ ಒಳಗಿನವರ ಆಟಕ್ಕೆ 16ರವನು ಬಂದರೆ ನಿಜವಾದ 13ರ ಹುಡುಗನ ಜಾಗವನ್ನು ಕಿತ್ತುಕೊಂಡ ಹಾಗೆ.

ಈಗ ಉಳಿದ ಮೂರು ನಿಯಮ.

ಒಂದನೆಯದು: ಬೆಳಿಗ್ಗೆ 7 ಗಂಟೆ ಪ್ರಾಕ್ಟೀಸಿಗೆ ಮೂರು ಸಲ ತಡವಾಗಿ ಬಂದವರು ಆ ವರ್ಷ ತಂಡದಲ್ಲಿ ಇರುವಂತಿಲ್ಲ. ಕೇಳಲು ಸರಿ ಅನ್ನಿಸುತ್ತದೆ. ಆದರೆ ತಡವಾಗಿ ಬರುವವರು ಯಾರು ಅಂತ ನೋಡಿ. ಶಾಲೆ ಪಕ್ಕದ ಬೀದಿಯವರು ಯಾರೂ ಇಲ್ಲ. ಹಟ್ಟಿಯಿಂದ, ತಾಂಡಾದಿಂದ ನಡೆದು ಬರುವವರು. ಡೈರಿಗೆ ಹಾಲು ಹಾಕಿ ಬರುವವರು. ಸೇವಂತಿಗೆ ಹೂವು ಬಿಡಿಸಿ ಮೊದಲ ಬಸ್ಸಿಗೆ ಕಳಿಸಿ ಬರುವವರು. ಬೆಳಗಿನ ಜಾವ ತ್ರೀ ಫೇಸ್ ಕರೆಂಟ್ ಕೊಟ್ಟರೆ ಅಪ್ಪನ ಜೊತೆ ಅಡಿಕೆ ತೋಟಕ್ಕೆ ನೀರು ಕಟ್ಟಿ ಬರುವವರು. ಕರೆಂಟ್ ಯಾವಾಗ ಬರಬೇಕು ಅಂತ ನಾವು ಹೇಳಿದರೆ ಅದು ಕೇಳುತ್ತದೆಯೇ?

ಈ ನಿಯಮದಿಂದ ಹೋದ ವಾರ ನಮ್ಮ ತಂಡದ ಒಬ್ಬ ಹುಡುಗಿ ಹೊರಗಾದಳು. ಅವಳ ಹೆಸರು ಬರೆಯುವುದಿಲ್ಲ, ನಿಮಗೆಲ್ಲ ಗೊತ್ತು. ಅವಳು ಯಾರಿಗೂ ಎದುರು ಮಾತಾಡಿಲ್ಲ, ಯಾರಿಗೂ ಹೊಡೆದಿಲ್ಲ. ಅವಳು ತಡವಾಗಿ ಬಂದ ಮೂರು ದಿನವೂ ಮನೆಯ ಹೂವಿನ ಕೆಲಸ ಇತ್ತು. ಅದೇ ವಾರ ಎದುರಾಳಿಯನ್ನು ಬೇಕೆಂದೇ ತಳ್ಳಿದ ಇನ್ನೊಬ್ಬರಿಗೆ ಬರೀ ಎಚ್ಚರಿಕೆ ಕೊಟ್ಟರು. ಕೆಂಪು ಕಾರ್ಡ್ ಯಾರಿಗೆ ಬರಬೇಕಿತ್ತು, ಹಸಿರು ಕಾರ್ಡ್ ಯಾರಿಗೆ ಬರಬೇಕಿತ್ತು, ನೀವೇ ಯೋಚಿಸಿ. ಆಟದ ನಡತೆಗೆ ಶಿಕ್ಷೆ ಕೊಡಬೇಕೇ ಹೊರತು ಮನೆಯ ಕೆಲಸಕ್ಕೆ ಅಲ್ಲ. ಸಂಜೆ ಪ್ರಾಕ್ಟೀಸ್ ಇಟ್ಟರೆ ಅಥವಾ ಅವಳು ಸಂಜೆ ಅರ್ಧ ಗಂಟೆ ಹೆಚ್ಚು ಆಡಿ ಸರಿದೂಗಿಸಿದರೆ ಶಿಸ್ತು ಏನೂ ಕೆಡುವುದಿಲ್ಲ.

ಬಡವರಿಗೆ ನಿಯಮ ಹೇಗೆ ಭಾರವಾಗುತ್ತದೆ ಅನ್ನುವುದಕ್ಕೆ ಜಿಮ್ ಥೋರ್ಪ್ ಅವರ ಕಥೆ ಇದೆ. ಅವರು ಅಮೆರಿಕದ ಮೂಲನಿವಾಸಿಗಳಲ್ಲಿ ಒಬ್ಬರು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ ಪೆಂಟಾಥ್ಲಾನ್ ಮತ್ತು ಡೆಕಾಥ್ಲಾನ್ ಎರಡರಲ್ಲೂ ಚಿನ್ನ ಗೆದ್ದರು. ಆಗಿನ ನಿಯಮದ ಪ್ರಕಾರ ದುಡ್ಡಿಗಾಗಿ ಯಾವ ಆಟ ಆಡಿದ್ದರೂ ಒಲಿಂಪಿಕ್ಸಿಗೆ ಬರುವಂತಿಲ್ಲ. ಥೋರ್ಪ್ ಅವರು 1909 ಮತ್ತು 1910ರ ಬೇಸಿಗೆಯಲ್ಲಿ ಸ್ವಲ್ಪ ದುಡ್ಡಿಗೆ ಬೇಸ್‌ಬಾಲ್ ಆಡಿದ್ದರು ಅಂತ 1913ರಲ್ಲಿ ಪದಕಗಳನ್ನು ಕಿತ್ತುಕೊಂಡರು. ಅವರು 1953ರಲ್ಲಿ ತೀರಿಕೊಂಡರು. ಪದಕ ಹಿಂದಿರುಗಿಸಲು ಒಲಿಂಪಿಕ್ ಸಮಿತಿ ಒಪ್ಪಿದ್ದು 1982ರಲ್ಲಿ. ಅವರೊಬ್ಬರೇ ವಿಜೇತರು ಅಂತ ಘೋಷಿಸಿದ್ದು 2022ರಲ್ಲಿ, ಅಂದರೆ ಗೆದ್ದು 110 ವರ್ಷ ಆದ ಮೇಲೆ. ಮನೆಯಲ್ಲಿ ಅನುಕೂಲ ಇದ್ದವರು ದುಡ್ಡು ತಗೊಳ್ಳದೆ ಆಡಬಹುದಿತ್ತು. ಇಲ್ಲದವರು ಏನು ಮಾಡಬೇಕಿತ್ತು? ನಿಯಮ ಎಲ್ಲರಿಗೂ ಒಂದೇ ಅಂತ ಕಂಡರೂ ಅದರ ಭಾರ ಎಲ್ಲರ ತಲೆ ಮೇಲೆ ಒಂದೇ ಸಮ ಇರುವುದಿಲ್ಲ.

ಎರಡನೆಯದು: ಕಿರು ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದವರು ಆಡುವಂತಿಲ್ಲ. ಓದು ಮುಖ್ಯ ಅನ್ನುವುದನ್ನು ನಾನು ಒಪ್ಪುತ್ತೇನೆ. ಆದರೆ ನಮ್ಮ ಶಾಲೆಯಲ್ಲಿ ಕೆಲವರು ದಿನಾ ಶಾಲೆಗೆ ಬರುವುದೇ ಆಟದ ಆಸೆಗೆ. ಆಟ ಕಿತ್ತುಕೊಂಡರೆ ಅವರು ಲೆಕ್ಕ ಕಲಿಯುವುದಿಲ್ಲ, ಕುರಿ ಕಾಯಲು ಹೋಗುತ್ತಾರೆ. ಅದಕ್ಕಿಂತ ತಂಡದಲ್ಲಿ ಚೆನ್ನಾಗಿ ಓದುವವರು ಕಡಿಮೆ ಅಂಕದವರಿಗೆ ವಾರಕ್ಕೆ ಎರಡು ದಿನ ಹೇಳಿಕೊಡಲಿ. ಅಂಕಣದಲ್ಲಿ ಒಬ್ಬರ ಕೈ ಒಬ್ಬರು ಹಿಡಿದು ಸರಪಳಿ ಕಟ್ಟಿ ಹಿಡಿಯುತ್ತೇವಲ್ಲ, ಪಾಠದಲ್ಲೂ ಹಾಗೇ ಮಾಡಬಹುದು.

ಮೂರನೆಯದು ಹುಡುಗಿಯರಿಗೆ ಮಾತ್ರ ಇರುವ ನಿಯಮ: ಮೈದಾನದಲ್ಲಿ ಜೋರಾಗಿ ಕೂಗಬಾರದು, ನಗಬಾರದು. ನನಗೆ ಇದು ಅರ್ಥವೇ ಆಗಲಿಲ್ಲ. ಕಬಡ್ಡಿಯಲ್ಲಿ ರೈಡಿಗೆ ಹೋದವರು "ಕಬಡ್ಡಿ ಕಬಡ್ಡಿ" ಅಂತ ಅಂಪೈರಿಗೆ ಕೇಳುವಂತೆ ಹೇಳಲೇಬೇಕು. ಇಲ್ಲದಿದ್ದರೆ ಎದುರು ತಂಡಕ್ಕೆ ಅಂಕ ಹೋಗುತ್ತದೆ. ಆಟದ ನಿಯಮ ಗಟ್ಟಿಯಾಗಿ ಹೇಳು ಅನ್ನುತ್ತದೆ, ಶಾಲೆಯ ನಿಯಮ ಮೆಲ್ಲಗೆ ಹೇಳು ಅನ್ನುತ್ತದೆ. ಹುಡುಗಿಯರು ಯಾವುದನ್ನು ಕೇಳಬೇಕು? ಹೆಂಗಸರ ಕಬಡ್ಡಿ 2010ರಲ್ಲಿ ಏಷ್ಯನ್ ಕ್ರೀಡಾಕೂಟಕ್ಕೆ ಸೇರಿತು. ಹಾಂಗ್‌ಝೌನಲ್ಲಿ ನಮ್ಮ ದೇಶದ ಹೆಂಗಸರು ಚೈನೀಸ್ ತೈಪೆ ತಂಡವನ್ನು 26–25ರಿಂದ, ಒಂದೇ ಒಂದು ಅಂಕದಿಂದ ಸೋಲಿಸಿ ಚಿನ್ನ ತಂದರು. ಚಿತ್ರದುರ್ಗದ ಕ್ರೀಡಾಂಗಣಕ್ಕೆ ಒನಕೆ ಓಬವ್ವನ ಹೆಸರಿದೆ. ಅಲ್ಲಿಗೆ ಆಡಲು ಹೋಗಬೇಕು ಅಂತ ಕನಸು ಕಾಣುವ ಹುಡುಗಿಯರಿಗೆ ನಗಬೇಡಿ ಅಂದರೆ ಹೇಗೆ? ಬೈಯಬಾರದು ಅನ್ನಿ, ಒಪ್ಪುತ್ತೇವೆ. ಅದು ಹುಡುಗರಿಗೂ ಇರಲಿ.

ಶಿಕ್ಷೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಕೆಲವು ಕಡೆ ಸೋತು ಬಂದ ತಂಡಕ್ಕೆ ಹೊಡೆಯುವುದು, ಬಿಸಿಲಲ್ಲಿ ನೀರು ಕೊಡದೆ ಓಡಿಸುವುದು, ಎಲ್ಲರ ಮುಂದೆ ಹೀಯಾಳಿಸುವುದು ಇದೆ ಅಂತ ಕೇಳಿದ್ದೇವೆ. ಅದನ್ನು ಶಿಸ್ತು ಅನ್ನಲಾಗದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆ ಮತ್ತು ಮಾನಸಿಕ ಹಿಂಸೆ ಕೊಡಬಾರದು ಅಂತ ಹೇಳುತ್ತದೆ. ಮೈದಾನವೂ ಶಾಲೆಯ ಭಾಗವೇ.

ನಿಯಮ ಆಟಗಾರರಿಗೆ ಮಾತ್ರ ಸಾಕೇ? ಗೆರೆಯ ಹೊರಗೆ ನಿಂತು "ಹಿಡಿದು ಹಾಕ್ರೋ ಅವನ್ನ, ಕಾಲು ಮುರೀರೋ" ಅಂತ ಕೂಗುವವರು ಆಟಗಾರರಲ್ಲ, ನಮ್ಮ ಅಣ್ಣಂದಿರು, ಮಾವಂದಿರು. ಸೋತರೆ "ಅಂಪೈರ್ ಮೋಸ ಮಾಡಿದ" ಅಂತ ಮೊದಲು ಹೇಳುವವರೂ ಅವರೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ದೊಡ್ಡವರು ಬೈಯುತ್ತಾ ಚಿಕ್ಕವರಿಗೆ ಬೈಯಬೇಡಿ ಅಂದರೆ ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಆಗುತ್ತದೆ. ಆದ್ದರಿಂದ ನೋಡುವವರಿಗೂ ಒಂದು ನಿಯಮ ಬರೆದು ಮೈದಾನದ ಹತ್ತಿರ ಹಾಕಬೇಕು.

ನಿಯಮ ಬೇಡ, ಪೂರ್ತಿ ಸಡಿಲ ಬಿಡಿ ಅಂತ ನಾನು ಹೇಳುತ್ತಿಲ್ಲ. ನಮ್ಮ ಹಿರಿಯೂರು ತಾಲ್ಲೂಕಿನ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರವನ್ನು ನೆನೆಸಿಕೊಳ್ಳಿ. ಅದರ ಕಟ್ಟೆ ಎಷ್ಟು ಗಟ್ಟಿ ಅಂದರೆ ನೂರು ವರ್ಷ ದಾಟಿದರೂ ನಿಂತಿದೆ. ಆದರೂ ಕಟ್ಟಿದವರು ಪಕ್ಕದಲ್ಲಿ ಕೋಡಿ ಬಿಟ್ಟಿದ್ದಾರೆ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. ಅಷ್ಟು ವರ್ಷ ಬೇಕಾಗಲಿಲ್ಲ ಅಂತ ಯಾರೂ ಕೋಡಿ ಮುಚ್ಚಲಿಲ್ಲ. ಮುಚ್ಚಿದ್ದರೆ ಕಟ್ಟೆಗೇ ಅಪಾಯ ಆಗುತ್ತಿತ್ತು. ನಿಯಮವೂ ಹಾಗೇ. ಗಟ್ಟಿಯಾಗಿರಬೇಕು, ಜೊತೆಗೆ ಕಾರಣ ಕೇಳಲು ಒಂದು ಜಾಗ ಇರಬೇಕು.

ಆದ್ದರಿಂದ ನನ್ನ ಸಲಹೆಗಳು ಇವು.

1. ಏಳು ನಿಯಮ ಹಾಗೇ ಇರಲಿ. ಪ್ರತಿ ಆಟಕ್ಕೆ ಮುಂಚೆ ನಾಯಕ ಅಥವಾ ನಾಯಕಿ ಗಟ್ಟಿಯಾಗಿ ಓದಲಿ.

2. ಶಿಕ್ಷೆ ಮೂರು ಮೆಟ್ಟಿಲಾಗಿರಲಿ: ಎಚ್ಚರಿಕೆ, ಒಂದು ಆಟ ಹೊರಗೆ, ಆ ಕೂಟದಿಂದ ಹೊರಗೆ. ಬೇಕೆಂದು ಹೊಡೆದವರಿಗೆ ನೇರವಾಗಿ ಮೂರನೆಯದು.

3. ತಂಡದಿಂದ ತೆಗೆಯುವ ಮುಂಚೆ ಆ ಆಟಗಾರರ ಮಾತು ಕೇಳಲಿ. ಪಿ.ಟಿ. ಮೇಷ್ಟ್ರು, ಒಬ್ಬ ಟೀಚರ್, ಇಬ್ಬರು ಮಕ್ಕಳು ಸೇರಿ ತೀರ್ಮಾನ ಮಾಡಲಿ.

4. ಮನೆಯ ಕೆಲಸದಿಂದ ತಡವಾದರೆ ಸಂಜೆ ಸರಿದೂಗಿಸಲು ಅವಕಾಶ ಇರಲಿ. ಸುಮ್ಮನೆ ಮಲಗಿ ತಡ ಮಾಡಿದವರಿಗೆ ಈ ಅವಕಾಶ ಬೇಡ.

5. ಹುಡುಗರಿಗೆ, ಹುಡುಗಿಯರಿಗೆ ಒಂದೇ ನಿಯಮ.

6. ಮುಂದಿನ ಸಲ ನಿಯಮ ಬರೆಯುವಾಗ ಆಡುವವರನ್ನೂ ಕೂರಿಸಿಕೊಳ್ಳಲಿ. ತಾವೇ ಒಪ್ಪಿಕೊಂಡ ನಿಯಮ ಮುರಿಯಲು ಯಾರಿಗಾದರೂ ನಾಚಿಕೆ ಆಗುತ್ತದೆ.

"ಮಕ್ಕಳಿಗೆ ಇಷ್ಟು ಬಿಟ್ಟರೆ ಎಲ್ಲರೂ ಸುಳ್ಳು ಕಾರಣ ಹೇಳುತ್ತಾರೆ" ಅಂತ ಗುರುಗಳು ಹೇಳಬಹುದು. ಕೆಲವರು ಹೇಳಬಹುದು. ಆದರೆ ಇದು ಸಣ್ಣ ಊರು. ಯಾರ ಮನೆಯಲ್ಲಿ ಹೂವಿದೆ, ಯಾರ ತೋಟಕ್ಕೆ ಯಾವಾಗ ನೀರು ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು. ಸುಳ್ಳು ಎರಡು ದಿನ ನಿಲ್ಲುವುದಿಲ್ಲ.

ಕ್ಲಸ್ಟರ್ ಮಟ್ಟದ ಆಟಕ್ಕೆ ತಂಡದ ಪಟ್ಟಿಯನ್ನು ಬರುವ ಸೋಮವಾರ ಕಳಿಸುತ್ತಾರಂತೆ. ಅದಕ್ಕೆ ಮುಂಚೆ ಶನಿವಾರದ ಶಾಲಾ ಸಂಸತ್ತಿನಲ್ಲಿ ಈ ವಿಷಯ ಚರ್ಚೆಗೆ ಬರಲಿ ಅಂತ ಗುರುಗಳಲ್ಲಿ ವಿನಂತಿ ಮಾಡುತ್ತೇನೆ. ಹೊರಗಾದ ಆ ಹುಡುಗಿಯನ್ನೂ ಕರೆದು ಮಾತಾಡಿಸಲಿ. ಅವಳ ಮಾತು ಕೇಳಿದ ಮೇಲೂ ತಪ್ಪು ಅವಳದೇ ಅಂತ ಎಲ್ಲರಿಗೂ ಅನ್ನಿಸಿದರೆ ನಾನು ಒಪ್ಪುತ್ತೇನೆ. ಕೇಳದೆ ಮಾತ್ರ ತೀರ್ಮಾನ ಆಗಬಾರದು. ಸಹಪಾಠಿಗಳೇ, ನಿಮ್ಮ ಅಭಿಪ್ರಾಯವನ್ನು ಚೀಟಿಯಲ್ಲಿ ಬರೆದು ಈ ಗೋಡೆ ಪತ್ರಿಕೆಯ ಕೆಳಗಿನ ಡಬ್ಬಿಗೆ ಹಾಕಿ. ಒಪ್ಪದಿದ್ದರೆ ಯಾಕೆ ಅಂತಲೂ ಬರೆಯಿರಿ.

ಇಂತಿ,
ಏಳನೇ ತರಗತಿಯ ವಿದ್ಯಾರ್ಥಿನಿ